ಬರೆದದ್ದು ಓದಿ ಹೇಳ್ರಿ

ನನ್ನ ನಾದಿನಿ ಗ್ರಾಮ ಪಂಚಾಯತಿ ಸದಸ್ಯೆ. ನಮ್ಮ ವಡಗೇರಾ ತಾಲ್ಲೂಕಿನದೇ ಒಂದು ಹಳ್ಳಿ. ಹತ್ತಿ ಬಿಡಿಸುವ ಕೆಲಸ ಮುಗಿದ ಮೇಲೆ ಒಂದು ಮಧ್ಯಾಹ್ನ ಮೊಬೈಲು ಹಿಡಿದುಕೊಂಡು ಮನೆಗೆ ಬಂದಳು.

"ವೈನಿ, ಮೀಟಿಂಗ್ ಹ್ಯಾಂಗ ಮಾಡಬೇಕಂತ ಇದರಾಗ ಹೇಳ್ಯಾರಂತ. ಎರಡು ಸಲ ನೋಡೀನಿ, ತಿಳಿವಲ್ದು. ನೀವು ಸಾಲಿ ಕಲಿತವ್ರು, ನೋಡಿ ಹೇಳ್ರಿ" ಎಂದಳು.

ಯಾವುದೋ ಕಚೇರಿಯವರು ಮಾಡಿಸಿದ ಇಪ್ಪತ್ತು ನಿಮಿಷದ ವಿಡಿಯೋ. ಒಲೆಯ ಮೇಲೆ ಚಹಾಕ್ಕಿಟ್ಟು ಇಬ್ಬರೂ ನೋಡಲು ಕುಳಿತೆವು. ಸಿನಿಮಾ, ಧಾರಾವಾಹಿ ಎಂದರೆ ನಾವು ಹೆಂಗಸರು ಕಥೆಯಿಂದ ಹಿಡಿದು ಸೀರೆಯವರೆಗೆ ವಿಮರ್ಶೆ ಮಾಡುತ್ತೇವೆ. ಸರ್ಕಾರದ ಪಾಠದ ಚಿತ್ರಗಳನ್ನು ಮಾತ್ರ ಯಾರೂ ವಿಮರ್ಶೆಗೆ ಎತ್ತಿಕೊಳ್ಳುವುದಿಲ್ಲ. ನಾನು ಇಂದು ಆ ಕೆಲಸಕ್ಕೇ ಕೈಹಾಕಿದ್ದೇನೆ.

ಮೊದಲು ಒಳ್ಳೆಯ ಮಾತು. ಚಿತ್ರ ಸ್ವಚ್ಛವಾಗಿತ್ತು, ದನಿ ಸ್ಪಷ್ಟವಾಗಿತ್ತು, ಹೇಳಿದ ವಿಷಯದಲ್ಲಿ ತಪ್ಪಿರಲಿಲ್ಲ. ಆದರೆ ಇಪ್ಪತ್ತು ನಿಮಿಷವೂ ಮಾತಾಡಿದವರು ಕುರ್ಚಿಯಲ್ಲಿ ಕುಳಿತ ಸಾಹೇಬರು. ಹೆಂಗಸರು ತಲೆಯ ಮೇಲೆ ಸೆರಗು ಹೊದ್ದು ಸಾಲಾಗಿ ಕುಳಿತು ತಲೆಯಾಡಿಸುತ್ತಿದ್ದರು. "ಸಭೆಯ ನಡವಳಿಗಳನ್ನು ಪುಸ್ತಕದಲ್ಲಿ ದಾಖಲಿಸಿ ಸಹಿ ಪಡೆಯತಕ್ಕದ್ದು" ಎಂದಿತು ಹಿನ್ನೆಲೆಯ ದನಿ. ಪರದೆಯ ಮೇಲೆ ಬಳೆ ತೊಟ್ಟ ಕೈಯೊಂದು ಸಹಿ ಮಾಡಿತು.

"ಇಲ್ಲಿ ನಿಲ್ಲಸ್ರಿ ವೈನಿ" ಎಂದಳು ನಾದಿನಿ. "ಆಕಿ ಸಹಿ ಮಾಡಿದ್ಲು. ಅದರಾಗ ಏನು ಬರದಾರಂತ ಆಕಿಗೆ ಯಾರು ಓದಿ ಹೇಳಿದ್ರು?"

ನಾನು ಸುಮ್ಮನಾದೆ. ಸ್ವಲ್ಪ ಹೊತ್ತು ಬಿಟ್ಟು ಅವಳೇ ಹೇಳಿದಳು: "ನಾನೂ ಹಾಂಗ ಮಾಡೀನಿ. ಮನಿಯವ್ರು ಮಾಡಂದ್ರು, ಮಾಡೀನಿ."

ನಮ್ಮ ರಾಜ್ಯದ ಪಂಚಾಯತಿಗಳಲ್ಲಿ ಹೆಂಗಸರಿಗೆ ಅರ್ಧದಷ್ಟು ಸ್ಥಾನ ಸಿಕ್ಕಿದ್ದು 2010ರಲ್ಲಿ. ಸ್ಥಾನ ಕೊಟ್ಟ ಮೇಲೆ ಪಾಠವನ್ನೂ ಕೊಡಬೇಕು, ನಿಜ. ಆದರೆ ಆ ವಿಡಿಯೋ ಕಲಿಸಿದ್ದು ಸಹಿ ಮಾಡುವುದನ್ನು. ಅದು ಅವಳಿಗೆ ಮೊದಲೇ ಬರುತ್ತಿತ್ತು. ಬಾರದೆ ಇದ್ದದ್ದು ಸಹಿಗೆ ಮುಂಚೆ ಬಾಯಿ ತೆರೆದು ಕೇಳುವುದು.

ನಮ್ಮ ಸೀಮೆಗೆ ಇಂಥ ಪಾಠಗಳು ಹೊಸವಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದಿಂದ ಎರವಲು ಪಡೆದ ಉಪಗ್ರಹದ ಮೂಲಕ 'ಸೈಟ್' ಎಂಬ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂತು. ಕರ್ನಾಟಕದಲ್ಲಿ ಆರಿಸಿಕೊಂಡದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಯಾದಗಿರಿ ಜಿಲ್ಲೆ ಇನ್ನೂ ಹುಟ್ಟಿರಲಿಲ್ಲ, ನಾವು ಗುಲಬರ್ಗಾದವರೇ. ಬೇಸಾಯ, ಆರೋಗ್ಯ, ಮಕ್ಕಳ ಪಾಠ ಎಲ್ಲವೂ ಆ ಪೆಟ್ಟಿಗೆಯಲ್ಲಿ ಬಂದವು. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ! ಒಂದೇ ಚಿತ್ರಕ್ಕೆ ಎರಡು ಭಾಷೆಯ ದನಿ ಕಳಿಸುವ ಅನುಕೂಲವೂ ಆ ಉಪಗ್ರಹದಲ್ಲಿತ್ತು. ದನಿ ಬದಲಿಸಿದ ಮಾತ್ರಕ್ಕೆ ಚಿತ್ರ ನಮ್ಮದಾಗುತ್ತದೆಯೇ ಎಂಬ ಪ್ರಶ್ನೆ ಅಂದಿನಷ್ಟೇ ಇಂದೂ ಹೊಸದಾಗಿದೆ.

ಆದರೂ ಅಂದಿನವರಿಂದ ಕಲಿಯಬೇಕಾದದ್ದು ಒಂದಿದೆ. ಜನ ಏನು ನೋಡುತ್ತಾರೆ, ಏನು ತಿಳಿಯುತ್ತಾರೆ ಎಂದು ಅರಿಯಲು ಸಂಶೋಧಕರು ಹಳ್ಳಿಗಳಲ್ಲೇ ಬಂದು ಉಳಿದಿದ್ದರು. ಆಮೇಲಿನ ವರ್ಷಗಳಲ್ಲಿ ಮೈಸೂರಿನ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಂಸ್ಥೆಯ ಸ್ಟುಡಿಯೋದಿಂದ ಉಪಗ್ರಹದ ಮೂಲಕ ತಾಲ್ಲೂಕುಗಳಿಗೆ ತರಬೇತಿ ಕೊಡುವ ಏರ್ಪಾಡಾಯಿತು. ಅದರಲ್ಲಿ ನನಗೆ ಮೆಚ್ಚುಗೆಯಾದದ್ದು, ಇಲ್ಲಿ ಕುಳಿತವರು ಫೋನು ಮಾಡಿ ಅಲ್ಲಿದ್ದವರನ್ನು ಪ್ರಶ್ನೆ ಕೇಳಬಹುದು ಎಂಬುದು. ಮೊಬೈಲಿಗೆ ಬಂದು ಬೀಳುವ ವಿಡಿಯೋಗೆ ಆ ಕಿವಿಯಿಲ್ಲ. ಹಾಗಿದ್ದ ಮೇಲೆ ನಾವು ಕೇಳಬಹುದಾದ ಪ್ರಶ್ನೆಯನ್ನು ಮಾಡುವವರೇ ಮೊದಲು ಹುಡುಕಿ ಅದರೊಳಗೆ ಇಡಬೇಡವೇ?

ಅದಕ್ಕೆ ದೊಡ್ಡ ಖರ್ಚೇನೂ ಬೇಕಿಲ್ಲ. ಕ್ಯಾಮೆರಾ ತೆಗೆಯುವ ಮುನ್ನ ನಾಲ್ಕು ಮಂದಿ ಸದಸ್ಯೆಯರ ಜೊತೆ ಕಟ್ಟೆಯ ಮೇಲೆ ಕುಳಿತು, "ಮೀಟಿಂಗಿನಾಗ ನಿಮಗ ಎಲ್ಲಿ ಬಾಯಿ ಕಟ್ಟತದ?" ಎಂದು ಕೇಳಲಿ. ಒಂದು ವಿಡಿಯೋದಲ್ಲಿ ಒಂದೇ ಕೆಲಸ ಹೇಳಲಿ. ಐದು ನಿಮಿಷ ಸಾಕು. ಅದರಲ್ಲಿ ಹೆಂಗಸೊಬ್ಬಳು ನಮ್ಮ ಮಾತಿನಲ್ಲೇ, "ಬರೆದದ್ದು ಓದಿ ಹೇಳ್ರಿ, ಆಮ್ಯಾಲೆ ಸಹಿ ಮಾಡ್ತೀನಿ" ಎನ್ನಲಿ. ಎದುರಿಗಿದ್ದವರು ಮುಖ ಸಿಂಡರಿಸುವುದನ್ನೂ ತೋರಿಸಲಿ, ಅವಳು ಮತ್ತೊಮ್ಮೆ ಕೇಳುವುದನ್ನೂ ತೋರಿಸಲಿ. ತಯಾರಾದ ಮೇಲೆ ಸಾಹೇಬರಿಗೆ ತೋರಿಸುವ ಮೊದಲು ಆ ನಾಲ್ಕು ಮಂದಿಗೆ ತೋರಿಸಲಿ.

ಅಂದು ಚಹಾ ಉಕ್ಕಿ ಒಲೆಯ ಪಾಲಾಯಿತು. ಮತ್ತೆ ಇಟ್ಟೆ. ಅದು ಕುದಿಯುವವರೆಗೆ ನಾನು ಕಾರ್ಯದರ್ಶಿಯಾದೆ, ಕಿರಾಣಿ ಲೆಕ್ಕದ ವಹಿ ನಡವಳಿ ಪುಸ್ತಕವಾಯಿತು. ಮೊದಲ ಸಲ ಅವಳಿಗೆ ನಗು ಬಂತು, ಎರಡನೆಯ ಸಲ ದನಿ ಹೂತುಹೋಯಿತು, ಮೂರನೆಯ ಸಲಕ್ಕೆ ಮಾತು ಬಂತು.

ತಿಂಗಳಾದ ಮೇಲೆ ಫೋನು ಮಾಡಿದಳು. "ವೈನಿ, ಕೇಳಿದ್ನಿ. ಎಲ್ಲಾರೂ ನನ್ನ ಮಾರಿ ನೋಡಿದ್ರು. ಅರ್ಧ ಓದಿದ್ರು, ಅಷ್ಟರಾಗ ಚಹಾ ಬಂತು."

"ಉಳಿದರ್ಧ?" ಎಂದೆ.

"ಅರ್ಧ ಕೇಳೀನಿ, ಸಹಿ ಹ್ಯಾಂಗ ಮಾಡಲಿ ಅಂದ್ನಿ. ಚಹಾ ಕುಡದು ಓದಿದ್ರು."