ಆಕ್ಷೇಪಣೆಗೆ ಮೂವತ್ತು ದಿನ

ಮೈಸೂರು ಜಿಲ್ಲೆಯ ಕೊಪ್ಪದಿಂದ ಕಾವೇರಿ ಸೇತುವೆ ದಾಟಿದರೆ ಕೊಡಗಿನ ಕುಶಾಲನಗರ. ಸಂತೆಗೆ, ಆಸ್ಪತ್ರೆಗೆ ನಡೆದೇ ಹೋಗಿಬರುವ ದೂರ. ಸಾರಿಗೆ ಕಡತದಲ್ಲಿ ಮಾತ್ರ ಅದು ಬೇರೆ ಸೀಮೆ. ಗಾಡಿ ನಂಬರು ಈಚೆ ಕೆಎ-45, ಆಚೆ ಕೆಎ-12. ಮೈಸೂರಿನ ಸಾರಿಗೆ ಪ್ರಾಧಿಕಾರ ಬಸ್ಸಿಗೆ ಪರ್ಮಿಟ್ ಕೊಟ್ಟರೂ ಹೊಳೆಯಾಚೆ ಓಡಿಸಲು ನಿಯಮದಂತೆ ಕೊಡಗಿನವರ ರುಜುವೂ ಬೇಕು. ಎರಡು ಕಚೇರಿಗಳು ಒಂದನ್ನೊಂದು ಕೇಳುತ್ತವೆ. ಬಸ್ಸಿಗೆ ಕಾಯುವವರನ್ನು?

1939ರ ಮೋಟಾರು ವಾಹನ ಕಾಯ್ದೆಯಲ್ಲಿ ಕೇಳುವ ಏರ್ಪಾಡಿತ್ತು. ಪರ್ಮಿಟ್ ಅರ್ಜಿಯನ್ನು ಪ್ರಕಟಿಸಬೇಕು, ಕನಿಷ್ಠ ಮೂವತ್ತು ದಿನ ಬಿಟ್ಟು ವಿಚಾರಣೆ ನಡೆಸಬೇಕು. ಆದರೆ ಆ ಬಾಗಿಲಲ್ಲಿ ನುಗ್ಗಿದವರು ಹೆಚ್ಚಾಗಿ ಅದೇ ರೂಟಿನ ಹಳೇ ಮಾಲೀಕರು, ಹೊಸ ಬಸ್ಸು ಬಾರದಿರಲಿ ಎಂದು. 1988ರ ಕಾಯ್ದೆ ಆ ಬಾಗಿಲನ್ನೇ ಮುಚ್ಚಿತು. ಮಿಥಿಲೇಶ್ ಗರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಸರಿ ಎಂದಿತು. ಮಾಲೀಕರ ತಕರಾರು ತಪ್ಪಿದ್ದು ಒಳ್ಳೆಯದೇ. ಜೊತೆಗೆ ಪ್ರಯಾಣಿಕನ ಕಿಂಡಿಯೂ ಹೋಯಿತಲ್ಲ, ಅದು ನನ್ನ ತಕರಾರು.

ಉಳಿದಿರುವುದು 99 ಮತ್ತು 100ನೇ ಕಲಂ. ಸರ್ಕಾರಿ ಸಾರಿಗೆಗೆ ರೂಟು ಮೀಸಲಿಡುವ ಯೋಜನೆಯನ್ನು ರಾಜ್ಯಪತ್ರದಲ್ಲೂ ಆ ಭಾಗದಲ್ಲಿ ಓದುವ ಒಂದಾದರೂ ಕನ್ನಡ ಪತ್ರಿಕೆಯಲ್ಲೂ ಹಾಕಬೇಕು. ‘ಯಾವುದೇ ವ್ಯಕ್ತಿ’ ಮೂವತ್ತು ದಿನದೊಳಗೆ ಆಕ್ಷೇಪಿಸಬಹುದು. ಉದಾರ ಮಾತು. ಆದರೆ ದಿನ ಎಣಿಸುವುದು ರಾಜ್ಯಪತ್ರದ ತಾರೀಖಿನಿಂದ. ಟೀ ಅಂಗಡಿಗೆ ಬರುವ ಪೇಪರಿನಲ್ಲಿ ಪ್ರಕಟಣೆ ಟೆಂಡರು, ಹೆಸರು ಬದಲಾವಣೆಗಳ ನಡುವೆ ಸಣ್ಣ ಅಕ್ಷರದಲ್ಲಿ ಕೂತಿರುತ್ತದೆ. ಓದಿದವನಿಗೆ ಬೇಕಾದದ್ದು ಒಂದೇ: ಕಾಲೇಜಿನ ಹೊತ್ತಿನ ಬಸ್ಸು ಇರುತ್ತದೋ ಇಲ್ಲವೋ. ಅದು ಆ ಭಾಷೆಯಲ್ಲಿ ಸಿಗುವುದಿಲ್ಲ.

ಆಕ್ಷೇಪಿಸಿದರೂ ಅದನ್ನು ಕೇಳುವವರು ಯಾರು? ಆಂಧ್ರದಲ್ಲಿ ಇಂಥದೇ ಯೋಜನೆಯ ಮೇಲಿನ ಅಹವಾಲು ಕೇಳಿದ್ದು ಕಾರ್ಯದರ್ಶಿ, ತೀರ್ಮಾನಿಸಿದ್ದು ಮುಖ್ಯಮಂತ್ರಿ. 1958ರಲ್ಲಿ ಗುಲ್ಲಪಲ್ಲಿ ನಾಗೇಶ್ವರ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ: ಕೇಳಿದವರೇ ತೀರ್ಮಾನಿಸಬೇಕು. ಇಲ್ಲಿ ಕೇಳುವವರೇ ಇಲ್ಲದ ವಿಷಯಗಳೂ ಇವೆ; ಬಸ್ ದರ ಅದರಲ್ಲೊಂದು. ಕರೆಂಟಿನ ದರ ಏರಿಸಬೇಕಾದರೆ ಅದನ್ನು ಹಂಚುವ ಸೆಸ್ಕ್ ಕಂಪನಿಯವರು ಅರ್ಜಿಯನ್ನು ಪ್ರಕಟಿಸಬೇಕು. ವಿದ್ಯುತ್ ನಿಯಂತ್ರಣ ಆಯೋಗ ಜನರ ಆಕ್ಷೇಪಣೆ ಪರಿಗಣಿಸಲೇಬೇಕು. 2025ರ ಜನವರಿ 5ರಿಂದ ಬಸ್ ದರ ಶೇ 15 ಏರಿದ್ದು ಮಾತ್ರ ಸಚಿವ ಸಂಪುಟದ ಒಂದು ತೀರ್ಮಾನದಿಂದ. ದರ ನಿಗದಿಯ 67ನೇ ಕಲಂ ಪ್ರಯಾಣಿಕರನ್ನು ಕೇಳಿ ಎನ್ನುವುದಿಲ್ಲ.

ಕೊಪ್ಪ ಗೇಟಿನ ಕಂಬಕ್ಕೆ, ಬಸ್ಸಿನೊಳಗೆ, ಪಂಚಾಯಿತಿ ಬಾಗಿಲಿಗೆ ಒಂದೊಂದು ಹಾಳೆ ಅಂಟಿಸಲಿ: ಯಾವ ಬಸ್ಸು, ಎಷ್ಟು ಹೊತ್ತಿಗೆ, ಏನು ಬದಲು. ಆ ಮೂವತ್ತು ದಿನವನ್ನು ಹಾಳೆ ಅಂಟಿಸಿದ ದಿನದಿಂದ ಎಣಿಸಲಿ.