‘ವೀಲ್ ಆಫ್ ಫಾರ್ಚೂನ್’: ಗೆದ್ದವನ ಆಯ್ಕೆ

ದೂರದರ್ಶನದ ಬಹುಮಾನದ ಆಟಗಳನ್ನು ವಿಮರ್ಶೆಗೆ ತಕ್ಕ ವಸ್ತುವೆಂದು ಎಣಿಸುವವರು ವಿರಳ. ಆದರೆ ಗೆದ್ದವನನ್ನು ಆಟವೊಂದು ಹೇಗೆ ನಡೆಸಿಕೊಳ್ಳುತ್ತದೆ ಎಂಬುದರಲ್ಲಿ ಅದರ ಮೌಲ್ಯದೃಷ್ಟಿ ಅಡಗಿರುತ್ತದೆ. ಅಮೆರಿಕೆಯ ‘ವೀಲ್ ಆಫ್ ಫಾರ್ಚೂನ್’ ಇದಕ್ಕೆ ಒಳ್ಳೆಯ ನಿದರ್ಶನ. ಮರ್ವ್ ಗ್ರಿಫಿನ್ ರೂಪಿಸಿದ ಈ ಆಟ 1975ರ ಜನವರಿಯಲ್ಲಿ ಎನ್.ಬಿ.ಸಿ. ಜಾಲದಲ್ಲಿ ಮೊದಲಾಯಿತು. ಚಕ್ರವನ್ನು ತಿರುಗಿಸಿ, ಅದು ತೋರಿದ ಮೊತ್ತಕ್ಕೆ ವ್ಯಂಜನವೊಂದನ್ನು ಊಹಿಸಿ, 250 ಡಾಲರ್ ತೆತ್ತು ಸ್ವರವನ್ನು ಕೊಂಡು, ಮರೆಯಲ್ಲಿರುವ ನುಡಿಯನ್ನು ಬಿಡಿಸುವುದು ಇದರ ಕ್ರಮ.

ಮೊದಲ ವರ್ಷಗಳಲ್ಲಿ ಸುತ್ತನ್ನು ಗೆದ್ದವನಿಗೆ ಹಣ ಕೈಸೇರುತ್ತಿರಲಿಲ್ಲ. ಬೆಲೆ ಸಹಿತವಾಗಿ ಪ್ರದರ್ಶಿಸಿದ ವಸ್ತುಗಳಲ್ಲಿ ತನ್ನ ಗಳಿಕೆಗೆ ಎಟಕುವುದನ್ನು ಅವನು ಆರಿಸಿಕೊಳ್ಳಬೇಕಾಗಿತ್ತು. ಮಿಕ್ಕ ಹಣಕ್ಕೆ ಎರಡು ದಾರಿಗಳಿದ್ದುವು: ಉಡುಗೊರೆಯ ಚೀಟಿಯಾಗಿ ಪಡೆಯುವುದು, ಇಲ್ಲವೆ ಮುಂದಿನ ಸುತ್ತಿಗೆಂದು ಖಾತೆಯಲ್ಲಿಡುವುದು. ಖಾತೆಯಲ್ಲಿಟ್ಟವನಿಗೆ ಚಕ್ರವು ‘ದಿವಾಳಿ’ ಎಂಬಲ್ಲಿ ನಿಂತರೆ, ಅಥವಾ ಅವನು ಮತ್ತೊಂದು ಸುತ್ತನ್ನು ಗೆಲ್ಲದೆ ಹೋದರೆ, ಆ ಹಣ ಹೋದಂತೆಯೇ ಸರಿ.

ಇದು ಆಟದ ವೇಷ ತೊಟ್ಟ ಜಾಹೀರಾತು ಎಂಬ ಆಕ್ಷೇಪ ನಿರಾಧಾರವಲ್ಲ. ಕೊಳ್ಳುವಿಕೆ ಆಟದ ಓಟವನ್ನು ತಡೆಯುತ್ತಿತ್ತೆಂಬುದೂ ನಿಜ. ಆದರೂ ಅಲ್ಲಿ ಗೆದ್ದವನು ತನ್ನ ಅಗತ್ಯವನ್ನು ತಾನೇ ತೂಗಿ ನೋಡುತ್ತಿದ್ದನು. ಕುರ್ಚಿ ಬೇಕೆ, ಗಡಿಯಾರ ಬೇಕೆ, ಇಂದು ಕೊಳ್ಳಲೆ, ನಾಳೆಗೆ ಕಾದಿಡಲೆ ಎಂಬ ಗೃಹಸ್ಥನ ಲೆಕ್ಕಾಚಾರವೇ ಅಲ್ಲಿ ದೃಶ್ಯವಾಗಿತ್ತು. ರಾತ್ರಿಯ ಆವೃತ್ತಿಯಲ್ಲಿ 1987ರಲ್ಲಿಯೂ ಹಗಲಿನದರಲ್ಲಿ 1989ರಲ್ಲಿಯೂ ಈ ಪದ್ಧತಿ ನಿಂತು, ನಗದು ಅದರ ಸ್ಥಾನವನ್ನು ಪಡೆಯಿತು.

1981ರಲ್ಲಿ ಸೇರಿದ ಅಂತಿಮ ಬಹುಮಾನದ ಸುತ್ತಿನಲ್ಲಿಯೂ ಇಂಥದೇ ಬದಲಾವಣೆಯನ್ನು ಕಾಣಬಹುದು. ಆರಂಭದಲ್ಲಿ ಸ್ಪರ್ಧಿಯು ತಾನು ಆಡತಕ್ಕ ಬಹುಮಾನವನ್ನೂ, ಐದು ವ್ಯಂಜನ ಒಂದು ಸ್ವರವನ್ನೂ ತಾನೇ ಹೇಳುತ್ತಿದ್ದನು. ಇಂಗ್ಲಿಷಿನಲ್ಲಿ ಹೆಚ್ಚಾಗಿ ಬರುವ ಅಕ್ಷರಗಳನ್ನೇ ಎಲ್ಲರೂ ಹೇಳತೊಡಗಿದರು. ಆದುದರಿಂದ 1988ರಲ್ಲಿ ಆರ್, ಎಸ್, ಟಿ, ಎಲ್, ಎನ್, ಇ ಎಂಬುವನ್ನು ನಿಯಮವೇ ಒದಗಿಸಿ, ಇನ್ನು ಮೂರು ವ್ಯಂಜನ ಮತ್ತು ಒಂದು ಸ್ವರವನ್ನು ಅವನಿಗೆ ಬಿಟ್ಟಿತು. ಇದು ಉಚಿತವಾದ ತಿದ್ದುಪಡಿ; ರೂಢಿಯಾಗಿಬಿಟ್ಟ ಆಯ್ಕೆ ಆಯ್ಕೆಯೇ ಅಲ್ಲ. ಆದರೆ 1989ರಲ್ಲಿ ಬಹುಮಾನದ ಆಯ್ಕೆಯೂ ಹೋಗಿ, ಲಕೋಟೆಯನ್ನೆತ್ತುವ ಅದೃಷ್ಟ ಉಳಿಯಿತು. 2001ರಲ್ಲಿ ಇದಕ್ಕಾಗಿ ಒಂದು ಕಿರುಚಕ್ರವೇ ಬಂದಿತು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಕಿರುಚಕ್ರದಿಂದ ತೆಗೆದ ಲಕೋಟೆಯನ್ನು ನಿರ್ವಾಹಕನು ಆಟ ಮುಗಿದ ಮೇಲೆ ತೆರೆಯುತ್ತಾನೆ. ಸೋತವನ ಮುಂದೆಯೂ ತೆರೆಯುತ್ತಾನೆ. ಹಿಂದೆ ಕೊಳ್ಳದೆ ಬಿಟ್ಟ ವಸ್ತು ವೇದಿಕೆಯ ಮೇಲೆ ಸುಮ್ಮನೆ ಉಳಿಯುತ್ತಿತ್ತು. ಅದು ಯಾರ ನಷ್ಟವೂ ಆಗಿರಲಿಲ್ಲ. ಈಗ ಸ್ಪರ್ಧಿಯು ಎಂದೂ ಬಯಸಿ ಆರಿಸದ ವಸ್ತು, ಕೈತಪ್ಪಿದ ಕ್ಷಣದಲ್ಲಿ ಅವನದೆಂಬಂತೆ ತೋರಿ ನೋಯಿಸುತ್ತದೆ. ಕುತೂಹಲದ ದೃಷ್ಟಿಯಿಂದ ಇದು ಬಲವಾದ ತಂತ್ರವೆಂಬುದರಲ್ಲಿ ಸಂದೇಹವಿಲ್ಲ.

ಹಳೆಯ ಪದ್ಧತಿ ಕೊಟ್ಟದ್ದು ಅಂಗಡಿಯ ನಾಲ್ಕು ಗೋಡೆಗಳ ನಡುವಣ ಸ್ವಾತಂತ್ರ್ಯ. ಅದನ್ನು ಅತಿಯಾಗಿ ಹೊಗಳಬೇಕಾಗಿಲ್ಲ. ಆದರೂ ಅದರಲ್ಲಿ ಗೆದ್ದವನು ಕರ್ತೃವಾಗಿದ್ದನು. ಹೊಸ ಪದ್ಧತಿಯಲ್ಲಿ ಅವನ ಬುದ್ಧಿಗೆ ಅಕ್ಷರಗಳು ಉಳಿದಿವೆ. ಅವನ ಬಯಕೆಗೆ ಮಾತ್ರ ಸ್ಥಳವಿಲ್ಲ. ಆಟದ ವೇಗ ಹೆಚ್ಚಿದೆಯೆಂದು ಮೆಚ್ಚುವಾಗ ಈ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯುವುದು ನ್ಯಾಯ.