ತಂಬೂರಿ ಕೇಳಿಸಿತೇ?

ಅಡಿಕೆಗೆ ಒಳ್ಳೆಯ ರೇಟು ಸಿಕ್ಕ ವರ್ಷ ಲಕ್ಕವಳ್ಳಿ ಸೀಮೆಯಲ್ಲಿ ಹೊಸ ಮನೆಗಳೇಳುತ್ತವೆ, ಹಾಲ್‌ನ ಎರಡು ಮೂಲೆಗೆ ಆಳೆತ್ತರದ ಸ್ಪೀಕರ್‌ಗಳು ಬಂದು ನಿಲ್ಲುತ್ತವೆ. ಗೃಹಪ್ರವೇಶಕ್ಕೆ ಬಂದವರಿಗೆ ಯಜಮಾನರು ಹಾಕಿ ಕೇಳಿಸುವುದು ಸಂಗೀತವನ್ನಲ್ಲ, ಗುದ್ದನ್ನು. ಎದೆ ಅದುರಿದರೆ ‘ಸೌಂಡ್ ಸೂಪರ್’. ಗಣಪತಿ ಬಿಡುವ ದಿನದ ಡಿಜೆಗೂ ಇದಕ್ಕೂ ವ್ಯತ್ಯಾಸವಿರುವುದು ಬಿಲ್ಲಿನಲ್ಲಿ ಮಾತ್ರ.

ಇಂಥವರು ಮೊದಲು ತಂಬೂರಿ ಕೇಳುವುದನ್ನು ಕಲಿಯಬೇಕು. ಗಾಯಕರನ್ನು ಆಮೇಲೆ ನೋಡಿಕೊಂಡರಾಯಿತು.

ತಂಬೂರಿಯ ಕುದುರೆಯ ಮೇಲೆ, ತಂತಿಯಡಿ ಒಂದು ನೂಲಿನೆಳೆ ಇರುತ್ತದೆ; ಜೀವಾಳ ಎನ್ನುತ್ತಾರೆ. ಅದನ್ನು ಕೂದಲೆಳೆಯಷ್ಟು ಸರಿಸಿದರೆ ಸಪ್ಪೆ ತಂತಿ ಝೇಂಕರಿಸತೊಡಗುತ್ತದೆ. ಶ್ರುತಿ ಕೂಡಿದಾಗ ಷಡ್ಜದ ತಂತಿಯೊಳಗಿಂದ ಯಾರೂ ಮೀಟದ ಗಾಂಧಾರ ತಾನಾಗಿ ಏಳುತ್ತದೆ. ಷಡ್ಜದ ಕಂಪನದ ಐದು ಪಟ್ಟಿನ ಸ್ವರಾಂಶ ಅದು. ಈ ಗಾಂಧಾರ, ಅದರ ಮೇಲಿನ ಮಿರುಗು ಎರಡೂ ಮನೆಯ ಸ್ಪೀಕರ್‌ನಲ್ಲಿ ಬಿಡಿಬಿಡಿಯಾಗಿ ಕೇಳಿಸಿದರೆ ಹಾಕಿದ ದುಡ್ಡು ದಕ್ಕಿತು.

ಈ ಬರಹಗಾರನಿಗೂ ಅದು ತಡವಾಗಿಯೇ ಗೊತ್ತಾದದ್ದು. ಬಾಲ್ಯವೆಲ್ಲ ಭದ್ರಾವತಿ ಆಕಾಶವಾಣಿಯ 675 ಕಿಲೋಹರ್ಟ್ಜ್‌ನಲ್ಲಿ ಕಳೆಯಿತು. ಮೀಡಿಯಂ ವೇವ್‌ನಲ್ಲಿ ನಿಲ್ದಾಣಗಳಿಗೆ ಹಂಚಿಟ್ಟ ಅಂತರ 9 ಕಿಲೋಹರ್ಟ್ಜ್. ಆ ಇಕ್ಕಟ್ಟಿನಲ್ಲಿ ನಾದದ ಮೇಲಂಚು ಕತ್ತರಿಸಿಹೋಗುತ್ತದೆ. ಮಲ್ಲಿಕಾರ್ಜುನ ಮನ್ಸೂರರ ಹಿಂದೆ ದುಂಬಿ ಸಿಕ್ಕಿಹಾಕಿಕೊಂಡಂತೆ ಏನೋ ಗುಂಯ್‌ಗುಡುತ್ತಿತ್ತು, ಅಷ್ಟೆ. ಮುಂದೊಮ್ಮೆ ಶಿವಮೊಗ್ಗದ ಕಛೇರಿಯಲ್ಲಿ ಜಾಗ ಸಿಗದೆ ವೇದಿಕೆಯ ಪಕ್ಕಕ್ಕೇ ಕೂರಬೇಕಾಯಿತು. ಮೈಕಿನ ಹಂಗಿಲ್ಲದೆ ಆ ಗಾಂಧಾರ ಕಿವಿಗೆ ಬಿತ್ತು. ಅಂದಿನ ಹಾಡುಗಾರಿಕೆ ಒಂದಿಷ್ಟೂ ನೆನಪಿಲ್ಲ.

ಹಾಗಾದರೆ ದುಡ್ಡು ಎಲ್ಲಿ ಕೇಳಿಸುತ್ತದೆ? ಸ್ಪೀಕರ್‌ನಲ್ಲಿ, ಅದಕ್ಕಿಂತ ಹೆಚ್ಚಾಗಿ ಕೋಣೆಯಲ್ಲಿ. ಭದ್ರಾ ಜಲಾಶಯ ತುಂಬಿ 186 ಅಡಿ ಮುಟ್ಟಿತೇ ಎಂದು ದಿನವೂ ವಿಚಾರಿಸುವ ಜನ ತಮ್ಮ ಹಾಲ್‌ಗೆ ಟೇಪು ಹಿಡಿಯುವುದಿಲ್ಲ. ಹನ್ನೆರಡು ಅಡಿ ಅಂತರದ ಗೋಡೆಗಳ ನಡುವೆ ಸುಮಾರು 47 ಹರ್ಟ್ಜ್‌ನ ಸದ್ದು ಕಟ್ಟಿಹಾಕಿದಂತೆ ನಿಲ್ಲುತ್ತದೆ: ಗೋಡೆಯ ಬಳಿ ಅಬ್ಬರ, ನಟ್ಟನಡುವೆ ಮಾಯ. ಮೂಲೆಯ ಸ್ಪೀಕರ್ ಇದಕ್ಕೆ ಇನ್ನಷ್ಟು ಕುಮ್ಮಕ್ಕು ಕೊಡುತ್ತದೆ. ಎರಡಡಿ ಮುಂದಕ್ಕೆಳೆಯಿರಿ. ಹೊಳೆಯುವ ಟೈಲ್ಸ್ ಮೇಲೆ ನವಲಗುಂದದ ಜಮಖಾನ ಹಾಸಿದರೆ ಚುರುಗುಟ್ಟುವ ಪ್ರತಿಧ್ವನಿ ತಗ್ಗುತ್ತದೆ. ಗುಡುಗು ಮಾತ್ರ ಜಮಖಾನಕ್ಕೆ ಬಗ್ಗುವುದಿಲ್ಲ.

ಕೇಬಲ್? ಸಾಕಷ್ಟು ದಪ್ಪದ ತಾಮ್ರವಾದರೆ ಆಯಿತು. ಆಂಪ್ಲಿಫೈಯರ್ ಸೋಲದಿದ್ದರೆ ಸಾಕು. ‘ಹೈ ರೆಸಲ್ಯೂಶನ್’ ಎಂಬ ದುಬಾರಿ ಹಾಡುಗಳ ಕಥೆ ಇನ್ನೂ ಸ್ವಾರಸ್ಯದ್ದು. ಅಮೆರಿಕದ ಮೆಯರ್ ಮತ್ತು ಮೊರಾನ್ 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಅಂಥ ಹಾಡನ್ನೂ ಅದನ್ನೇ ಸಿಡಿಯ ಮಟ್ಟಕ್ಕಿಳಿಸಿದ್ದನ್ನೂ ಯಾವುದು ಯಾವುದೆಂದು ಹೇಳದೆ ಕೇಳಿಸಿದರು. 554 ಸಲದಲ್ಲಿ ಸರಿಯಾಗಿ ಗುರುತಿಸಿದ್ದು 276 ಸಲ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು.

ನಂಬದವರು ಮನೆಯಲ್ಲೇ ನೋಡಬಹುದು. ಸ್ಪೀಕರ್‌ಗೆ ತೆಳು ಪಂಚೆ ಇಳಿಬಿಟ್ಟು, ಮಗಳ ಕೈಲಿ ಕೇಬಲ್ ಬದಲಾಯಿಸಿ, ಎರಡೂ ಬಾರಿ ವಾಲ್ಯೂಮ್ ಒಂದೇ ಇರಲಿ. ತುಸು ಜೋರಾದದ್ದು ಚೆಂದವೆನಿಸುತ್ತದೆ, ಅಂಗಡಿಯವರಿಗೆ ಇದು ಚೆನ್ನಾಗಿ ಗೊತ್ತು. ಆಷಾಢದಲ್ಲಿ ಮಾತ್ರ ಇದೆಲ್ಲ ಬೇಡ. ತಗಡಿನ ಮಾಡಿನ ಮೇಲೆ ಮಳೆ ಹಿಡಿಯಿತೆಂದರೆ ತಂಬೂರಿಯೂ ಇಲ್ಲ, ಮನ್ಸೂರರೂ ಇಲ್ಲ.